ಗಂಗಾವತಿ ಕಡೆ ಹುಡುಗನ ನಾಯ್ಸ್ ಆಲ್ಬಂ: ಮೂರು ಟ್ರ್ಯಾಕ್ ಖಡಕ್, ನಾಕನೇದು ಯಾಕ ಹಾಕಿದ್ನೋ

ಕೊಪ್ಪಳ_ಫೀಡ್‌ಬ್ಯಾಕ್:
ಹಾರ್ಷ್ ನಾಯ್ಸ್, ಅಂದ್ರ ರಾಗ ತಾಳ ಇಲ್ದ ಬರೇ ಕರ್ಕಶ ಸದ್ದಿನ ಸಂಗೀತ, ಕೇಳೋರು ಈ ಕಡೆ ಎಷ್ಟ್ ಮಂದಿ ಅದೀರೋ ಗೊತ್ತಿಲ್ಲ, ಇದ್ದೋರು ಕೈ ಎತ್ರಿ, ಇಲ್ದೋರು ಬೈದ್ರೂ ನಡೀತೈತಿ. ಗಂಗಾವತಿ ಕಡೆ ಹುಡುಗ ಒಬ್ಬ ಬ್ಯಾಂಡ್‌ಕ್ಯಾಂಪ್ ಅನ್ನೋ ಹಾಡು ಮಾರೋ ವೆಬ್‌ಸೈಟ್‌ನ್ಯಾಗ ಆಲ್ಬಂ ಬಿಟ್ಟಾನ. ತನ್ನ ಹೆಸರು ಹಾಕಿಲ್ಲ, ಆಲ್ಬಂಗೂ ಹೆಸರಿಲ್ಲ, ಕವರ್ ಪೂರಾ ಕರ್ರಗ, ಟ್ರ್ಯಾಕ್‌ಗೆಲ್ಲ ಒಂದು ಎರಡು ಮೂರು ನಾಕು ಅಂತ ನಂಬರ್ ಅಷ್ಟ. ಏನೇನ್ ಬಳಸೀನಿ ಅಂತ ಕೆಳಗ ಒಂದ್ ಸಾಲು ಬರದಾನ: ತಗಡು, ಪೀಜೋ ಡಿಸ್ಕು (ಅಂಟಿಸಿದ ವಸ್ತುವಿನ ನಡುಕ ಹಿಡಿಯೋ ಸಣ್ಣ ಬಿಲ್ಲಿ), ನಾಕ್ ಚಾನಲ್ ಮಿಕ್ಸರು, ಎರಡು ಡಿಸ್ಟಾರ್ಷನ್ ಪೆಡಲ್ (ಸದ್ದು ಒಡದು ಕರ್ಕಶ ಮಾಡೋ ಪೆಟ್ಟಿಗಿ), ರೈಸ್ ಮಿಲ್.

ಒಂದನೇದು ಮಿಕ್ಸರ್ ಫೀಡ್‌ಬ್ಯಾಕ್. ಮಿಕ್ಸರಿನ ಔಟ್‌ಪುಟ್ ವೈರ್ ತಂದು ಅದರದ ಇನ್‌ಪುಟ್‌ಗೆ ಹಾಕಿಬಿಟ್ರ ಅದು ತಾನ ತನ್ನನ್ನ ಕೇಳ್ಕೊಂತ ಚೀರಾಕ ಹತ್ತತೈತಿ, ಹಾಡೂ ಬ್ಯಾಡ ಮೈಕೂ ಬ್ಯಾಡ. ಚಲೋ ಮಾಡ್ಯಾನ ಆದ್ರ ಇದನ್ನ ಮಂದಿ ಭಾಳ ಸಲ ಮಾಡ್ಯಾರ, ಮುಂದ ಹೋಗೋಣು.

ಎರಡನೇದು. ಇದರ ಸಲುವಾಗಿನ ನಾ ಪೋಸ್ಟ್ ಹಾಕಿದ್ದು. ಬರೇ ತಗಡು. ಮನಿ ಮ್ಯಾಲ ಹೊದಸ್ತೀವಲ್ಲ ಅದ ತಗಡು, ಅದಕ್ಕ ಪೀಜೋ ಅಂಟಿಸಿ ಮೊಳಿನೋ ಏನೋ ಹಿಡದು ಕೆರದಾನ. ಮೊದಲ ಐದಾರು ನಿಮಿಷ ಕಿವ್ಯಾಗ ಉಸುಕು ಸುರುವಿದಂಗ ಒಂದ ಸಮ ಬರ್ತೈತಿ, ಹಾಂ ಇಷ್ಟ ಬಿಡು ಅಂತ ನೀವು ಹೊಂದ್ಕೊಳ್ಳೋದ್ರಾಗ ಎಡಗಡಿ ಚಾನಲ್ ಬಂದ್. ಫೇಡು ಗೀಡು ಏನಿಲ್ಲ, ಕಟ್. ಬಲಗಡಿ ಒಂದ ಕೆರೆತ ನಡದಿರ್ತೈತಿ, ಅದೂ ಪೆಡಲ್ ಆಫ್ ಮಾಡಿ ಬರೇ ತಗಡು, ಮೊಳಿ ತಗಡಿನ ಒಂದೊಂದ ಏರು ದಾಟೋವಾಗ ಟಕ್ ಟಕ್ ಅನ್ನೋದು ಸೈತ ಬಿಡಿಬಿಡಿಯಾಗಿ ಕೇಳಸ್ತೈತಿ, ಅವನ ಕೈ ಎಲ್ಲಿ ನಿಧಾನ ಆತು ಎಲ್ಲಿ ಒತ್ತಿದ ಎಲ್ಲಾ. ಆಮ್ಯಾಲ ಎಡಗಡಿ ತಳದಿಂದ ಒಂದು ಹಮ್ ಏಳ್ತೈತಿ, ಕಿವಿಗಿಂತ ಎದಿಗೆ ಮೊದಲ ತಾಕ್ತೈತಿ, ಎರಡೂ ಪೆಡಲ್ ಒಮ್ಮೆ ಆನ್. ಮುಗೀತು. ನಾನು ಕುಂತಲ್ಲೇ ಹೆಡ್‌ಫೋನ್ ತಗದು ಇಟ್ಟೆ.

ಮೂರನೇದು ಬರೇ ಸುಯ್ ಅನ್ನೋ ಸದ್ದು, ಹದಿನೈದು ನಿಮಿಷದ ಮ್ಯಾಲೈತಿ, ಡ್ಯಾಂ ನೀರೋ ಪೆಡಲಿನ ಹಿಸ್ಸೋ ಕಡೀತನ ಗೊತ್ತಾಗಂಗಿಲ್ಲ, ಅದಕ್ಕ ಅದು ಚಲೋ ಐತಿ.

ನಾಕನೇದರಾಗ ಕೆಡಿಸ್ಯಾನ. ರೈಸ್ ಮಿಲ್ ರೆಕಾರ್ಡಿಂಗ್. ಶುರು ಆದ ಕೂಡ್ಲೆ ಗೊತ್ತಾಗಿಬಿಡ್ತೈತಿ ಭತ್ತ ಮ್ಯಾಲ ಎತ್ತೋ ಎಲಿವೇಟರ್ ಇದು, ಬ್ಲೋವರ್ ಇದು, ಹೊರಗ ಟ್ರ್ಯಾಕ್ಟರ್ ಹಾರ್ನ್ ಇದು ಅಂತ, ಮ್ಯಾಲ ಒಂದಿಷ್ಟು ರೀವರ್ಬ್, ಅಂದ್ರ ಗುಂಯ್ ಅನ್ನೋ ಪ್ರತಿಧ್ವನಿ, ಬ್ಯಾರೆ ಸುರುವ್ಯಾನ ಸಿನಿಮಾದಂಗ. ಸದ್ದು ಯಾವುದರದು ಅಂತ ಗುರುತು ಹತ್ತಿತು ಅಂದ್ರ ಕಿವಿ ಕೆಲಸ ಬಿಟ್ಟು ಕುಂತುಬಿಡ್ತೈತಿ, ಮಿಲ್ ಚಿತ್ರ ಕಣ್ಣಿಗೆ ಬರ್ತೈತಿ, ನಾಯ್ಸ್ ಹೋಗಿ ಡಾಕ್ಯುಮೆಂಟರಿ ಆಗ್ತೈತಿ. ನೋಡ್ರಿ ನಾನು ಗಂಗಾವತಿಯಾವ ಅಂತ ತೋರ್ಸಾಕ ಹಾಕಿದಂಗ ಐತಿ. ತಗಡಿನ ಟ್ರ್ಯಾಕ್‌ನ್ಯಾಗ ಯಾವ ಊರೂ ಇಲ್ಲ, ಅದ ನಿಜವಾದ ನಾಯ್ಸು.

ಬಳ್ಳಾರಿ_ಮಿರ್ಚಿ:
ಅಣ್ಣಾ ನನ್ ಫ್ರೆಂಡ್ ಒಬ್ಬ ಇದನ್ನ ವಾಟ್ಸಾಪ್‌ಗೆ ಕಳ್ಸಿದ್ದ, ನಾನು ಟಿಫಿನ್ ಸೆಂಟರ್‌ನಾಗೆ ಒಗ್ಗರಣಿ ಮಿರ್ಚಿ ತಿನ್ಕೊಂತ ಪ್ಲೇ ಮಾಡಿದೆ ನೋಡು, ಹೋಟೆಲ್‌ನೋರು ಬಂದು ಏನಪ್ಪಾ ಫೋನ್ ಸುಟ್ಟೋತಾ ಅಂತ ಕೇಳಿದ್ರು 😂 ಸೀರಿಯಸ್ ಆಗಿ ಕೇಳ್ತೀನಿ, ಇದ್ರೊಳಗೆ ಚಲೋದು ಕೆಟ್ಟದು ಅಂತ ಹೆಂಗೆ ಹೇಳ್ತೀರಿ? ನಂಗೆ ನಾಕೂ ಒಂದೇ ಥರ ಕೇಳ್ಸಿದ್ವು. ಟೀವಿ ಕೇಬಲ್ ಹೋದಾಗ ಬರ್ತಿತ್ತಲ್ಲ ಅದು.

ಕೊಪ್ಪಳ_ಫೀಡ್‌ಬ್ಯಾಕ್:
ವಾಟ್ಸಾಪ್‌ನ್ಯಾಗ ಹೆಂಗ ಬಂದಿತ್ತು? ಫೈಲೋ ವಾಯ್ಸ್ ನೋಟೋ?

ಬಳ್ಳಾರಿ_ಮಿರ್ಚಿ:
ವಾಯ್ಸ್ ನೋಟ್. ಸ್ಪೀಕರ್ ಮುಂದೆ ಫೋನ್ ಹಿಡ್ದು ಮಾಡಿದ್ದಂತೆ. ನಡುನಡುವೆ ಪೂರಾ ಸೈಲೆಂಟ್ ಆಗ್ತಿತ್ತು.

ಕೊಪ್ಪಳ_ಫೀಡ್‌ಬ್ಯಾಕ್:
ಹಂಗಂದ್ರ ನೀ ಆಲ್ಬಂ ಕೇಳಿಲ್ಲ ಮಾರಾಯಾ. ಫೋನ್ ಮೈಕು ಮಾತು ಇಟ್ಕೊಂಡು ಹಿಂದಿನ ಗದ್ದಲ ತಗಿಯಾಕಂತನ ಮಾಡಿದ್ದು, ಇಲ್ಲಿ ಗದ್ದಲಾನ ಹಾಡು, ಅದನ್ನ ಕಸ ಅಂತ ತಿಳ್ಕೊಂಡು ಗುಡಿಸಿ ಹಾಕೈತಿ, ನಿನಗ ಉಳದದ್ದು ಕಸಬರಗಿ. ಎಂಪಿತ್ರೀನೂ ಹಂಗ, ಅದು ಕೇಳಸಂಗಿಲ್ಲ ಅನ್ನೋದನ್ನ ಬಿಟ್ಟು ಉಳದದ್ದು ಇಟ್ಕೊಂತೈತಿ, ನಾಯ್ಸ್‌ನ್ಯಾಗ ಬಿಡಾಕ ಏನೂ ಇರಂಗಿಲ್ಲ, ಕಡಿಮಿ ಬಿಟ್‌ರೇಟ್‌ಗೆ ಹಾಕಿದ್ರ ನೀರಾಗ ಮುಳುಗಿಸಿದಂಗ ಗುಳುಗುಳು ಅಂತೈತಿ. ಬ್ಯಾಂಡ್‌ಕ್ಯಾಂಪ್‌ನ್ಯಾಗ ಫ್ಲಾಕ್ ತಗೋ, ಅದು ಸದ್ದಿನ್ಯಾಗ ಏನೂ ಬಿಡದ ಇಟ್ಕೊಳ್ಳೋ ಫೈಲು. ಬ್ಯಾರೆ ಆಲ್ಬಂ ಫ್ಲಾಕ್ ಮಾಡಿದ್ರ ಫೈಲ್ ಸೈಜ್ ಅರ್ಧಕ್ಕ ಹತ್ರ ಇಳೀತೈತಿ, ಇದು ಹೆಚ್ಚುಕಡಿಮಿ ಇಳದ ಇಲ್ಲ, ಯಾಕಂದ್ರ ಮುಂದ ಏನು ಬರ್ತೈತಿ ಅಂತ ಸಾಫ್ಟ್‌ವೇರ್‌ಗೆ ಊಹಿಸಾಕ ಆಗಂಗಿಲ್ಲ. ಚಲೋ ಕೆಟ್ಟದು ಹೆಂಗ ಅಂದಿ, ಕೇಳು: ಕೈ ಐತೋ ಇಲ್ಲೋ ನೋಡಬೇಕು. ಪೆಡಲ್ ಆನ್ ಮಾಡಿ ಚಾ ಕುಡಿಯಾಕ ಹೋಗ್ಯಾನೋ, ಅಲ್ಲೇ ಕುಂತು ಒಂದೊಂದು ತಿರುವು ತಿರುವ್ಯಾನೋ ಅನ್ನೋದು ಗೊತ್ತಾಗ್ತೈತಿ.

ಹಳೇ_ರೇಡಿಯೋ_ರಾಯಚೂರು:
ಚಾ ಕುಡಿಯಾಕ ಹೋಗೋದೂ ಒಂದು ಪಂಥನೇ ಅದಪಾ ತಮ್ಮಾ. ಹಾರ್ಷ್ ನಾಯ್ಸ್ ವಾಲ್ ಅಂತಾರ, ಫ್ರಾನ್ಸಿನ ವೊಮಿರ್ ಇದಾನಲ್ಲ, ಅವನದು ಶುರುವಿಂದ ಕೊನೀತನ ಒಂದು ಗೋಡೆ, ಬದಲಾವಣೆ ಇಲ್ಲ, ಕೈಚಳಕ ಇಲ್ಲ, ಕಾರ್ಯಕ್ರಮದಾಗ ಕೇಳೋರು ತಲೀ ಮ್ಯಾಲ ಕರೀ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ನಿಂತಿರ್ತಾರ. ನಿನ್ನ ಅಳತೀಗೆ ಅದು ಬರಲ್ಲ ಅಂತ ಅದು ಕೆಟ್ಟದ್ದಾಗಲ್ಲ.

ಇದೇನು ಹೊಸ ಹುಡುಗರ ಹುಚ್ಚು ಅಂತ ತಿಳಿಯೋರಿಗೆ ಒಂದು ಮಾತು. 1913ರಾಗ ಇಟಲಿಯ ಲೂಯಿಜಿ ರುಸ್ಸೋಲೊ ಸದ್ದಿನ ಕಲೆ ಅಂತ ಪ್ರಣಾಳಿಕೆ ಬರದ, ಅವನು ಮೂಲತಃ ಪೇಂಟರ್. ಪೆಟ್ಟಿಗಿ ಒಳಗ ಹಿಡಿಕಿ ತಿರುವಿದ್ರ ಗುರ್ರ್ ಅನ್ನೋ ಯಂತ್ರ ಕಟ್ಟಿದ, 1914ರಾಗ ಮಿಲಾನಿನ ಥಿಯೇಟರ್‌ದಾಗ ಬಾರಿಸಿದಾಗ ಸಭೀದಾಗ ಹೊಡೆದಾಟನೇ ಆಯ್ತು. 1975ಕ್ಕ ಅಮೆರಿಕದ ರಾಕ್ ಹಾಡುಗಾರ ಲೂ ರೀಡ್ ಎರಡು ಎಲ್‌ಪಿ ತುಂಬ ಬರೇ ಗಿಟಾರ್ ಫೀಡ್‌ಬ್ಯಾಕ್ ಹಾಕಿ ಬಿಟ್ಟ, ನಾಕನೇ ಸೈಡಿನ ಕೊನೀ ಗೆರೆ ಮುಗಿಯೋದೇ ಇಲ್ಲ, ಮುಳ್ಳು ಅಲ್ಲೇ ಸುತ್ತತದ, ನೀವೇ ಎದ್ದು ಹೋಗಿ ಎತ್ತಬೇಕು. ಮಂದಿ ತಮಾಷಿ ಅಂದ್ರು. 2002ರಾಗ ಬರ್ಲಿನ್ ಒಳಗ ಝೈಟ್‌ಕ್ರಾಟ್ಸರ್ ಅನ್ನೋ ತಂಡ ಅದನ್ನ ಸ್ವರಕ್ಕ ಇಳಿಸಿ ಪಿಟೀಲು ಕಹಳಿ ಹಿಡದು ನುಡಿಸಿತು, ಲೂ ರೀಡ್ ತಾನೇ ಅಲ್ಲಿ ಬಂದು ಗಿಟಾರ್ ಬಾರಿಸಿದ.

ಇನ್ನ ಜಪಾನ್ ಬ್ಯಾರೇನೇ ಲೋಕ. ಮೆರ್ಜ್‌ಬೌ ಅಂದ್ರ ಮಸಾಮಿ ಅಕಿತಾ, 1979ರಿಂದ ನಡಸ್ಯಾನ, 2000ದಾಗ ಬಂದ ಬಾಕ್ಸ್ ಒಂದರಾಗೇ 50 ಸೀಡಿ. ಹನಾತರಾಶ್ ಅನ್ನೋ ತಂಡದೋರು 1985ರಾಗ ಟೋಕಿಯೊದ ಸ್ಟೇಜ್ ಮ್ಯಾಲ ಮಣ್ಣು ತೋಡೋ ಮಷೀನ್‌ನೇ ಓಡಿಸಿ ಗೋಡೆ ಕೆಡವಿದ್ರು. ನನಗ ಅವರೆಲ್ಲರಿಗಿಂತ ಇನ್‌ಕೆಪಾಸಿಟೆಂಟ್ಸ್ ಅನ್ನೋ ಜೋಡಿ ಇಷ್ಟ. ತೋಶಿಜಿ ಮಿಕಾವಾ ಬ್ಯಾಂಕಿನಾಗ ನೌಕರಿ ಮಾಡ್ತಿದ್ದ, ಜೊತೀಗಿರೋ ಕೊಸಾಕೈ ಸರ್ಕಾರಿ ನೌಕರಿದಾಗ ಇದ್ದ. ಹಗಲು ಲೆಡ್ಜರ್, ರಾತ್ರಿ ಈ ಭೂತ. ಇಬ್ಬರು ದೊಡ್ಡ ಮನುಷ್ಯರು ಟೇಬಲ್ ಮುಂದ ನಿಂತು ಮೈಮ್ಯಾಲ ದೇವರು ಬಂದಂಗ ನಡುಗೋ ವಿಡಿಯೋ ಸಿಗ್ತಾವ, ನೋಡ್ರಿ.

ಈಗ ನಿನ್ನ ವಾದಕ್ಕ ಬರ್ತೀನಿ. ಗುರುತು ಸಿಗಬಾರದು ಅಂತೀಯಲ್ಲ, 1948ರಾಗ ಪ್ಯಾರಿಸ್ಸಿನ ಪಿಯರ್ ಶೆಫೆರ್ ರೈಲಿನ ಸದ್ದು ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸಿದ್ನಲ್ಲ, ಅವನದೂ ಇದೇ ಹಠ, ರೈಲು ಮರ್ತು ಸದ್ದು ಕೇಳ್ರಿ ಅಂದ. ಆದ್ರ ಕೇಳಿದೋರಿಗೆ ಇವತ್ತಿಗೂ ರೈಲೇ ಕೇಳಸ್ತದ. ಅದರಿಂದ ಅದರ ಕಿಮ್ಮತ್ತು ಕಡಿಮಿ ಆಗಿಲ್ಲ.

ಕೊಪ್ಪಳ_ಫೀಡ್‌ಬ್ಯಾಕ್:
ಸರ್, ಶೆಫೆರ್ ಕತ್ತರಿಸಿದ, ಜೋಡಿಸಿದ, ಲೂಪ್ ಮಾಡಿದ. ಇವ ಫೋನ್ ಹಿಡದು ನಿಂತಾನ, ರೀವರ್ಬ್ ಹಾಕ್ಯಾನ. ನನ್ನ ಸಿಟ್ಟು ಮಿಲ್ ಮ್ಯಾಲ ಅಲ್ಲ, ಸೋಮಾರಿತನದ ಮ್ಯಾಲ. ವೊಮಿರ್ ವಿಷಯ ಒಪ್ಪಂಗಿಲ್ಲ, ಅಲ್ಲಿ ಏನೂ ಮಾಡಬಾರದು ಅನ್ನೋದನ್ನ ಗಟ್ಟಿ ಹಿಡದು ಕುಂದ್ರಬೇಕು, ಅದೂ ಒಂದು ಕೈನ.

ಸಿಂಧನೂರ್_ಮಿಲ್:
ನಾನು ರೈಸ್ ಮಿಲ್‌ದಾಗ ಕೆಲಸ ಮಾಡಾವ. ನಿಮ್ಮ ಮಾತು ಓದಿ ಓದಿ ತಲಿ ಕೆಟ್ಟದ. ದಿನಾ ಎಂಟು ತಾಸು, ಸೀಸನ್‌ದಾಗ ಹನ್ನೆರಡು ತಾಸು ಇದೇ ಸದ್ದಿನಾಗ ಇರ್ತೀವಿ, ಮನೀಗಿ ಹೋದ್ರ ಹೆಂಡತಿ ಮೆಲ್ಲಕ ಮಾತಾಡಿದ್ರ ಕೇಳಸಲ್ಲ, ಜೋರು ಮಾಡಿದ್ರ ಜಗಳ ಅಂತ ಆಜುಬಾಜು ಮನೀಯೋರು ಬಂದು ನಿಲ್ತಾರ. ಕಿವೀದಾಗ ಹತ್ತಿ ಇಟ್ಕೊಂಡು ಕೆಲಸ ಮಾಡ್ತೀವಿ, ಅದು ಬಿಟ್ರ ಯಾರೂ ಏನೂ ಕೊಟ್ಟಿಲ್ಲ. ನೀವು ರೊಕ್ಕ ಕೊಟ್ಟು ಹೆಡ್‌ಫೋನ್ ಹಾಕ್ಕೊಂಡು ಅದನ್ನ ಕೇಳಿ ಇದು ಚಲೋ ಇದು ಬರೋಬರ್ ಇಲ್ಲ ಅಂತ ಮಾರ್ಕ್ಸ್ ಹಾಕ್ತೀರಿ. ಮಜಾ ಅದ ನಿಮ್ಮದು.

ಕೊಪ್ಪಳ_ಫೀಡ್‌ಬ್ಯಾಕ್:
ಅಣ್ಣಾರ, ನೀವು ಸಿಟ್ಟಾಗೋದು ಬರೋಬರಿ ಐತಿ, ನಾ ವಾದ ಮಾಡಂಗಿಲ್ಲ. ಒಂದ ಮಾತು, ನನ್ನ ಕೈಯಾಗ ಸ್ಟಾಪ್ ಬಟನ್ ಐತಿ, ನಿಮಗ ಅದಿಲ್ಲ. ಅದಕ್ಕ ಆ ನಾಕನೇ ಟ್ರ್ಯಾಕ್ ಕಂಡ್ರ ನನಗ ಆಗಂಗಿಲ್ಲ, ನಿಮ್ಮ ಎಂಟು ತಾಸಿನ ಕೆಲಸ ತಗೊಂಡು ಮ್ಯಾಲ ರೀವರ್ಬ್ ಹಾಕಿ ಚಂದ ಮಾಡಿದ್ರ ಅದು ಯಾರಿಗೂ ಮರ್ಯಾದಿ ಅಲ್ಲ.

ತೋರಣಗಲ್ಲು_ಶಿಫ್ಟ್_ಬಿ:
ಸೇಫ್ಟಿ ಕೆಲಸದಾಗೆ ಇರೋನು ನಾನು, ಸಂಗೀತ ಗೊತ್ತಿಲ್ಲ, ನಂಬರ್ ಹೇಳ್ತೀನಿ. ಕಾರ್ಖಾನೆ ನಿಯಮದ ಪ್ರಕಾರ ನಮ್ಮ ದೇಶದಾಗೆ ಎಂಟು ತಾಸಿಗೆ 90 ಡೆಸಿಬಲ್ ಮಿತಿ, 95 ಆದ್ರೆ ನಾಕು ತಾಸು, 100 ಆದ್ರೆ ಎರಡು ತಾಸು, 115ರ ಮೇಲೆ ಹೋಗಂಗೇ ಇಲ್ಲ. ಅಮೆರಿಕದ ನಿಯಾಶ್ ಅಂತ ಕೆಲಸಗಾರರ ಸುರಕ್ಷತೆ ನೋಡೋ ಸಂಸ್ಥೆ ಐತೆ, ಅವರು ಇದಕ್ಕಿಂತ ಬಿಗಿ, 85ಕ್ಕೆ ಎಂಟು ತಾಸು, ಪ್ರತಿ 3 ಡೆಸಿಬಲ್‌ಗೆ ಅರ್ಧ, ಅಂದ್ರೆ 100 ಡೆಸಿಬಲ್‌ಗೆ ಹದಿನೈದು ನಿಮಿಷ ಅಷ್ಟೇ. ಇದು ಕಾರ್ಖಾನಿಗೆ ಮಾತ್ರ ಅಲ್ಲ ಸ್ವಾಮಿ, ನಿಮ್ಮ ಹೆಡ್‌ಫೋನ್‌ಗೂ ಅಷ್ಟೇ. ಹಾಡಿನಾಗೆ ಜೋರು ಮೆಲ್ಲಗೆ ಅಂತ ಇರ್ತೈತೆ, ಕಿವಿಗೆ ನಡುವೆ ಬಿಡುವು ಸಿಗ್ತೈತೆ. ನೀವು ಹೇಳೋದ್ರೊಳಗೆ ಬಿಡುವೇ ಇಲ್ಲ, ಅದ್ಕೆ ಅದೇ ವಾಲ್ಯೂಮ್‌ನಾಗೆ ಕೇಳಿದ್ರೂ ಪೆಟ್ಟು ಜಾಸ್ತಿ. ಕಿವಿ ಒಳಗಿನ ಕೂದಲಿನಂಥ ಜೀವಕೋಶ ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ. ಕೇಳಿದ ಮೇಲೆ ಕಿವಿಯಾಗೆ ಕುಯ್ ಅಂತಿದ್ರೆ ವಾಲ್ಯೂಮ್ ಜಾಸ್ತಿ ಆಗೈತೆ ಅಂತ ಅರ್ಥ. ಮಿಲ್ ಅಣ್ಣಂಗೂ ಒಂದು ಮಾತು, ಹತ್ತಿ ಸಾಲಲ್ಲ. ಫೋಮ್ ಇಯರ್‌ಪ್ಲಗ್ ಮೆಡಿಕಲ್ ಶಾಪ್‌ನಾಗೆ ಸಿಗ್ತಾವೆ, ಬೆರಳಿಂದ ಸಣ್ಣಗೆ ಹೊಸೆದು, ಕಿವಿ ಮೇಲಕ್ಕೆ ಎಳ್ದು ಒಳಗೆ ಹಾಕಿ ಉಬ್ಬೋ ತನಕ ಹಿಡ್ಕೋಬೇಕು, ಸುಮ್ಮನೆ ತುರುಕಿದ್ರೆ ಉಪಯೋಗ ಇಲ್ಲ.

ಸಿಂಧನೂರ್_ಮಿಲ್:
ಇದು ಕೆಲಸದ ಮಾತು. ಥ್ಯಾಂಕ್ಸ್ ರೀ.

ಸಂಗನಕಲ್ಲು_ಹುಡುಗಿ:
ನಾನು ಬಳ್ಳಾರಿ, ಇತಿಹಾಸ ಓದ್ತಿರೋಳು. ಎಲ್ರೂ ಇಟಲಿ ಜಪಾನ್ ಅಂತ ಹೋಗ್ತಿದೀರ, ಬಳ್ಳಾರಿ ಊರಂಚಿಗೇ ಕುಪ್ಪಗಲ್ಲು ಗುಡ್ಡ ಇದೆ ನೋಡಿ. ಅಲ್ಲಿ ಕರೀ ಡಾಲರೈಟ್ ಬಂಡೆಗಳ ಮೇಲೆ ಶಿಲಾಯುಗದೋರು ಹೋರಿ ಚಿತ್ರ ಕೊರೆದಿದಾರೆ ಅಂತ ಎಲ್ರಿಗೂ ಗೊತ್ತು, ಆದ್ರೆ ಅದರ ಜೊತೆ ಕೆಲವು ಬಂಡೆಗಳಲ್ಲಿ ಬರೀ ಗುಂಡಿಗುಂಡಿ ಇವೆ, ಅಲ್ಲಿ ಕಲ್ಲಿನಿಂದ ಹೊಡೆದ್ರೆ ಗಂಟೆ ಥರ ಠಣ್ ಅನ್ನುತ್ತೆ. ನಿಕೋಲ್ ಬೊಯ್ವಿನ್ ಅನ್ನೋ ಪುರಾತತ್ವದೋರು 2004ರಲ್ಲಿ ಇದರ ಬಗ್ಗೆ ಬರೆದ್ರು, ನವಶಿಲಾಯುಗದ ಜನ ಬೇಕಂತಲೇ ಸದ್ದಿಗೋಸ್ಕರ ಹೊಡೆದಿರಬೇಕು ಅಂತ. ಅಂದ್ರೆ ನಿಮ್ ಹುಡುಗ ತಗಡು ಕೆರೆಯೋ ಸಾವಿರಾರು ವರ್ಷ ಮುಂಚೆನೇ ಇಲ್ಲಿ ಯಾರೋ ಬಂಡೆ ಬಡೀತಿದ್ರು. ಗುರುತು ಸಿಗಬಾರದು ಅನ್ನೋ ವಾದ ನಂಗೆ ಒಪ್ಪಿಗೆ ಇಲ್ಲ. ಆ ಬಂಡೆ ಸದ್ದು ಆ ಬಂಡೆದೇ, ಬೇರೆ ಎಲ್ಲೂ ಬರಲ್ಲ, ಅದಕ್ಕೇ ಅವರು ಆ ಗುಡ್ಡ ಹತ್ತಿದ್ದು.

ಬಳ್ಳಾರಿ_ಮಿರ್ಚಿ:
ಅಕ್ಕಾ ಈ ಭಾನುವಾರ ಸುತ್ತಿಗೆ ತಗೊಂಡು ಹೋಗೋಣ ನಡಿ, ಆಲ್ಬಂ ಬಿಡೋಣ

ಸಂಗನಕಲ್ಲು_ಹುಡುಗಿ:
ಸುತ್ತಿಗೆ ಹಿಡ್ಕೊಂಡು ಬಂದ್ರೆ ನಾನೇ ಪೊಲೀಸ್‌ಗೆ ಫೋನ್ ಮಾಡ್ತೀನಿ 😡 ಈಗಾಗ್ಲೇ ಕ್ವಾರಿ ಕೆಲಸದಿಂದ ಆ ಜಾಗಕ್ಕೆ ಅಪಾಯ ಇದೆ ಅಂತ ಸಂಶೋಧಕರೇ ಬರೆದಿದಾರೆ. ಕೇಳಬೇಕು ಅಂದ್ರೆ ಚಿತ್ರ ಇಲ್ದೇ ಇರೋ ಸಾದಾ ಬಂಡೆ ಬೆರಳಿಂದ ತಟ್ಟಿ ನೋಡಿ ಸಾಕು. ಊರಲ್ಲಿ ಶಿಲಾಯುಗದ ಸಂಶೋಧಕ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಮೊದಲು ಅಲ್ಲಿಗೆ ಹೋಗಿ ಬನ್ನಿ.

ಕೊಪ್ಪಳ_ಫೀಡ್‌ಬ್ಯಾಕ್:
ಅಕ್ಕಾ, ಬಂಡೆ ವಿಚಾರ ಜಬರ್ದಸ್ತ್ ಐತಿ, ಆದ್ರ ಅದು ನನ್ನ ಕಡೀಗೇ ಬರ್ತೈತಿ. ಕಣ್ಣು ಮುಚ್ಚಿ ಕೇಳಿದ್ರ ಕಲ್ಲು ಅಂತ ಯಾರೂ ಅನ್ನಂಗಿಲ್ಲ, ಗಂಟಿ ಅಂತಾರ. ಕಲ್ಲು ಕಲ್ಲಿನಂಗ ಸದ್ದು ಮಾಡ್ಲಿಲ್ಲ ಅಂತನ ಆ ಮಂದಿ ನಿಂತು ಮತ್ತ ಬಡದಿರಬೇಕು.

ಸಂಗನಕಲ್ಲು_ಹುಡುಗಿ:
ಅಥವಾ ಪಕ್ಕದ ಬಂಡೆ ಠಣ್ ಅನ್ನಲ್ಲ ಇದು ಅನ್ನುತ್ತೆ ಅಂತ, ಯಾವ ಬಂಡೆ ಅಂತ ಗುರುತಿಟ್ಕೊಂಡು ಬಡಿದಿರಬೇಕು. ನಿಮ್ ಥರ ಮರೆಯೋಕಲ್ಲ.

ಹಳೇ_ರೇಡಿಯೋ_ರಾಯಚೂರು:
ಇಬ್ಬರೂ ಮುದಗಲ್ ಮೊಹರಂಗೆ ಬರ್ರಿ ಒಮ್ಮೆ. ಹಲಿಗಿ ಗುಂಪುಗಳು ಒಂದರ ಮ್ಯಾಲ ಒಂದು ಬಂದು ಸೇರಿದಾಗ ತಾಳ ಯಾರದು ಅಂತ ತಿಳಿಯಲ್ಲ, ಹಲಿಗಿ ಅಂತ ಮಾತ್ರ ತಿಳೀತದ. ಅರ್ಧ ಗುರುತು ಸಿಗ್ತದ, ಅರ್ಧ ಸಿಗಲ್ಲ.

ಬಳ್ಳಾರಿ_ಮಿರ್ಚಿ:
ಫ್ಲಾಕ್ ಡೌನ್‌ಲೋಡ್ ಮಾಡಿ ಮೂರನೇದು ಕೇಳ್ದೆ. ಇದು ಟಿಬಿ ಡ್ಯಾಮೇ, ನಮ್ ತುಂಗಭದ್ರಾ, ಗ್ಯಾರಂಟಿ. 2024ರ ಆಗಸ್ಟ್‌ನಾಗೆ 19ನೇ ಗೇಟ್ ಚೈನ್ ಕಟ್ ಆಗಿ ಕೊಚ್ಕೊಂಡು ಹೋತಲ್ಲ, ಆಗ ನಾವು ನೋಡಾಕೆ ಹೋಗಿದ್ವಿ, ದೂರದಿಂದನೇ ಇದೇ ಸೌಂಡು. ಆಗ ರೆಕಾರ್ಡ್ ಮಾಡ್ಯಾನಾ?

ಕೊಪ್ಪಳ_ಫೀಡ್‌ಬ್ಯಾಕ್:
ಲಿಸ್ಟ್‌ನ್ಯಾಗ ಡ್ಯಾಂ ಅಂತ ಬರದಿಲ್ಲ. 33 ಗೇಟಿನ್ಯಾಗ ಯಾವುದ ತಗದ್ರೂ ನೀರು ಬಿದ್ದಾಗ ಎಲ್ಲಾ ಫ್ರೀಕ್ವೆನ್ಸಿ ಕೂಡೇ ಬರ್ತಾವು, ಪೆಡಲ್ ಗೇನ್ ಪೂರಾ ಏರಿಸಿ ಏನೂ ಹಾಕದ ಬಿಟ್ರೂ ಹಂಗ ಬರ್ತೈತಿ, ಕಿವಿಗೆ ಎರಡೂ ಅಣ್ಣತಮ್ಮ. ಒಂಬತ್ತನೇ ನಿಮಿಷ ಕೇಳು, ಸದ್ದು ಒಂದ ಕಡಿಯಿಂದ ಇನ್ನೊಂದ ಕಡೀಗೆ ಜರಗತೈತಿ, ನೀರು ಹಂಗ ಜರಗಂಗಿಲ್ಲ, ಮಿಕ್ಸರಿನ್ಯಾಗ ಸದ್ದು ಎಡಕ್ಕ ಬಲಕ್ಕ ಸರಿಸೋ ಪ್ಯಾನ್ ತಿರುವ್ಯಾನ.

ಬಳ್ಳಾರಿ_ಮಿರ್ಚಿ:
ಗಾಳಿ ಬೀಸಿದ್ರೆ ಜರುಗ್ತೈತೆ. ನಾ ಅಲ್ಲಿ ನಿಂತಿದ್ದೆ ಅಣ್ಣಾ, ನೀ ಹೆಡ್‌ಫೋನ್ ಒಳಗೆ ಇದ್ದೆ. ಡ್ಯಾಮೇ ಅದು.

ಅಂದಂಗೆ ಪೀಜೋ ಎಲ್ಲಿ ಸಿಗ್ತೈತೆ? ಸುಮ್ನೆ ಕೇಳ್ದೆ.

ಕೊಪ್ಪಳ_ಫೀಡ್‌ಬ್ಯಾಕ್:
ಸುಮ್ನ ಕೇಳಿದೋರೆಲ್ಲ ಆಮ್ಯಾಲ ತಗಡು ಹುಡುಕ್ಕೊಂಡು ತಿರುಗತಾರ 😄 ಮೊಬೈಲ್ ರಿಪೇರಿ ಸಾಮಾನು ಮಾರೋ ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಬಜರ್ ಪ್ಲೇಟ್ ಅಂತ ಕೇಳು, ಹಿತ್ತಾಳಿ ಬಣ್ಣದ್ದು, ನಡುವ ಬೆಳ್ಳನ ದುಂಡಂದು ಇರ್ತೈತಿ. ನಡುವಿನ ಬಿಳೀದಕ್ಕ ಒಂದು ವೈರು, ಅಂಚಿನ ಹಿತ್ತಾಳಿಗೆ ಒಂದು ವೈರು ಬೆಸುಗಿ ಹಾಕಿ ಜ್ಯಾಕ್‌ಗೆ ಕೊಡು. ಕಾವು ಜಾಸ್ತಿ ಹೊತ್ತು ಹಿಡದ್ರ ಬಿಳೇ ಪದರ ಎದ್ದು ಬರ್ತೈತಿ, ಮುಟ್ಟಿಸಿ ತಗದುಬಿಡಬೇಕು. ಮೊದಲನೇ ಸಲ ವಾಲ್ಯೂಮ್ ಸೊನ್ನಿಗೆ ಇಟ್ಟು ಶುರು ಮಾಡು, ಶಿಫ್ಟ್ ಬಿ ಅಣ್ಣ ಹೇಳಿದ್ದು ನೆನಪೈತಲ್ಲ.

ಸಿಂಧನೂರ್_ಮಿಲ್:
ಬೈಯ್ಯಾಕಾದ್ರೂ ಕೇಳಬೇಕಲ್ಲ ಅಂತ ನಮ್ಮ ಹುಡುಗನ ಹೆಡ್‌ಫೋನ್ ಇಸ್ಕೊಂಡು ನಾಕನೇದು ಪೂರಾ ಕೇಳಿದೆ. ಇದು ಮಿಲ್ ನಡೆಯೋ ಸದ್ದು ಅಲ್ಲ.

ಕೊಪ್ಪಳ_ಫೀಡ್‌ಬ್ಯಾಕ್:
ಅಲ್ಲ ಅಂದ್ರ? ಬ್ಯಾರೆ ಏನರ?

ಸಿಂಧನೂರ್_ಮಿಲ್:
ಮಿಲ್ಲೇ, ಆದ್ರ ಖಾಲಿ ಓಡಸ್ಯಾರ. ಭತ್ತ ಬಿಟ್ಟಿಲ್ಲ. ಎಲಿವೇಟರ್ ಬಕೀಟು ಖಾಲಿ ಬಡ್ಕೊಳ್ಳಾಕ ಹತ್ಯಾವ, ತಟತಟ ಅಂತದ ಕೇಳ್ರಿ, ಮಾಲು ತುಂಬಿದ್ರ ಆ ಸದ್ದು ಇರಲ್ಲ, ದಬದಬ ಆಗ್ತದ. ಭತ್ತದ ಸಿಪ್ಪಿ ಸುಲಿಯೋ ಹಲ್ಲರ್ದೂ ಹಂಗೇ, ಭತ್ತ ಬಿದ್ದ ಕೂಡ್ಲೇ ಮೋಟರ್ ಸದ್ದು ಕೆಳಗ ಇಳೀತದ, ದಪ್ಪ ಆಗ್ತದ, ಕಾಲಡಿ ನೆಲಕ್ಕ ಬರ್ತದ. ಇದರಾಗ ಅದು ಎಲ್ಲೂ ಇಲ್ಲ. ಪಾಲಿಶ್ ಮಷೀನ್ ಶುರುನೇ ಮಾಡಿಲ್ಲ. ರಿಪೇರಿ ಮಾಡಿ ಟ್ರಯಲ್ ನೋಡೋ ಹೊತ್ತಿಗಿ ಈ ಹುಡುಗ ಹೋಗ್ಯಾನ. ಹಾರ್ನ್ ಹೊಡದ ಟ್ರ್ಯಾಕ್ಟರೂ ಮಿಲ್ಲಿಗಿ ಬಂದಿದ್ದಲ್ಲ, ರೋಡಿನ್ಯಾಗ ಹೊಂಟದ್ದು. ನಿಮಗ ಕೆಟ್ಟಂಗ ಅನಿಸಿದ್ದು ರೀವರ್ಬೋ ಏನೋ ಅಂದ್ರಲ್ಲ ಅದರಿಂದ ಅಲ್ಲ, ಮಾಲು ಇಲ್ಲ ಅದಕ್ಕ.

ಹಳೇ_ರೇಡಿಯೋ_ರಾಯಚೂರು:
ಇಷ್ಟು ಮಂದಿ ಕೇಳಿದ್ವಿ, ಒಬ್ಬರಿಗೂ ಇದು ತಿಳೀಲಿಲ್ಲ. ಕಿವಿ ಅಂದ್ರ ಇವರದಪ್ಪಾ.

ಸಂಗನಕಲ್ಲು_ಹುಡುಗಿ:
ಗುರುತು ಹತ್ತಿದ್ರೆ ಕಿವಿ ಕೆಲಸ ಬಿಡುತ್ತೆ ಅಂದಿದ್ರಿ ಅಲ್ವಾ ಫೀಡ್‌ಬ್ಯಾಕ್ ಅವರೇ? ಗುರುತು ಹತ್ತಿದ್ದಕ್ಕೇ ಇವರ ಕಿವಿ ಕೆಲಸ ಶುರು ಮಾಡಿದೆ 🙂

ಕೊಪ್ಪಳ_ಫೀಡ್‌ಬ್ಯಾಕ್:
ಅವರ ಕಿವಿ ಶುರು ಆತು, ಟ್ರ್ಯಾಕ್ ಏನೂ ಉದ್ಧಾರ ಆಗ್ಲಿಲ್ಲ. ಖಾಲಿ ಮಿಲ್ ಅಂದ ಮ್ಯಾಲ ನನಗ ಇನ್ನಾ ಸಿಟ್ಟು ಬಂತು, ಮಿಲ್ ಹಾಕೀನಿ ಅಂತಾನ, ಮಿಲ್ಲಿನ ಹೊಟ್ಟೀನ ಇಲ್ಲ ಅದರಾಗ. ಆ ದಪ್ಪ ಸದ್ದು ಕಾಲಡಿ ನೆಲಕ್ಕ ಬರ್ತದ ಅಂದ್ರಲ್ಲ, ಅದಕ್ಕ ಪೀಜೋ ನೆಲಕ್ಕ ಅಂಟಿಸಬೇಕಿತ್ತು, ಫೋನ್ ಹಿಡಿಯೋದಲ್ಲ. ಅಣ್ಣಾರ, ಹಲ್ಲರ್ ನಿಂತ ಕಡೆ ನೆಲಾ ಕಾಂಕ್ರೀಟೋ ಕಲ್ಲೋ?

ಸಿಂಧನೂರ್_ಮಿಲ್:
ಕಾಂಕ್ರೀಟು, ಅದರ ಮ್ಯಾಲ ಕಬ್ಬಿಣದ ಚಾನಲ್ಲಿಗಿ ಬೋಲ್ಟ್ ಹಾಕಿರ್ತಾರ. ನವೆಂಬರ್ ಡಿಸೆಂಬರ್‌ದಾಗ ಹೊಸ ಭತ್ತ ಬರ್ತದ, ಆಗ ಬರಬೇಕು. ಆ ಹುಡುಗಂಗ ಹೇಳ್ರಿ, ಮಾಲೀಕರಿಗಿ ನಾ ಕೇಳಿ ನೋಡ್ತೀನಿ, ಒಪ್ಪಿದ್ರ ಒಪ್ಪಿದ್ರು. ಬೆಲ್ಟ್ ಹತ್ರ ಹೋಗಂಗಿಲ್ಲ, ಲುಂಗಿ ದುಪಟ್ಟಾ ಏನೂ ಹಾಕ್ಕೊಂಡು ಬರಂಗಿಲ್ಲ. ಬರೋವಾಗ ಆ ಫೋಮಿನ ಇಯರ್‌ಪ್ಲಗ್ ಒಂದು ಡಬ್ಬಿ ತಗೊಂಡು ಬರ್ಲಿ, ಹಮಾಲರೆಲ್ಲರಿಗೂ ಆಗೋವಷ್ಟು.

ಬಳ್ಳಾರಿ_ಮಿರ್ಚಿ:
ನಾನೂ ಬರ್ತೀನಿ, ಬಜರ್ ಪ್ಲೇಟ್ ಮೂರು ತಗೊಂಡಾಯ್ತು, ಒಂದು ಬೆಸುಗೆ ಹಾಕಾಕೆ ಹೋಗಿ ಸುಟ್ಟೋಯ್ತು

ಕೊಪ್ಪಳ_ಫೀಡ್‌ಬ್ಯಾಕ್:
ಹುಡುಗಂಗ ಬ್ಯಾಂಡ್‌ಕ್ಯಾಂಪ್‌ನ್ಯಾಗ ಮೆಸೇಜ್ ಹಾಕೀನಿ, ಈ ಪೋಸ್ಟಿನ ಲಿಂಕೂ ಕಳಿಸೀನಿ, ಬೈದದ್ದೂ ಓದ್ಲಿ. ಇಯರ್‌ಪ್ಲಗ್ ರೊಕ್ಕ ನಾ ಹಾಕ್ತೀನಿ. ರೀವರ್ಬ್ ಹಾಕಿದ್ರ ಮಾತ್ರ ಮತ್ತ ಇಲ್ಲೇ ಬಂದು ಬರೀತೀನಿ.